ಬಾಲ್ಕನಿಯ ಬಾಗಿಲು

ಅಲಾರಾಂ ಹೊಡೆದುಕೊಂಡಾಗ ಹೊಗೆ ಇನ್ನೂ ತೋಬೆಕಿಲೆಯ ಬಾಯಲ್ಲೇ ಇತ್ತು. ಹೊರಗೆ ಬಿಡಲು ಧೈರ್ಯ ಸಾಲದೆ ಹಾಗೇ ನುಂಗಿಕೊಂಡಳು. ಗಂಟಲು ಉರಿಯಿತು, ಕಣ್ಣಲ್ಲಿ ನೀರು ತುಂಬಿತು. ಯಾರೋ ಹೊರಗಿನಿಂದ ನೂಕುತ್ತಿದ್ದಾರೆ ಎಂಬಂತೆ ಟಾಯ್ಲೆಟ್ಟಿನ ಬಾಗಿಲಿಗೆ ಎರಡೂ ಅಂಗೈ ಒತ್ತಿ ನಿಂತಳು. ಯಾರೂ ನೂಕುತ್ತಿರಲಿಲ್ಲ. ಮೇಲೆ ಚಾವಣಿಯಲ್ಲಿ ಹೊಗೆ ಪತ್ತೆಹಚ್ಚುವ, ಬಿಸ್ಕತ್ತಿನಗಲದ ಬಿಳಿ ಬಿಲ್ಲೆಯೊಂದು ಕೆಂಪಗೆ ಮಿಣುಕುತ್ತಿತ್ತು. ಹೋದ ವಾರ ಅದು ಅಲ್ಲಿರಲಿಲ್ಲ. ಇದ್ದಿದ್ದರೂ ಅವಳು ನೋಡುತ್ತಿದ್ದಳೋ ಇಲ್ಲವೋ. ಮೂರು ವಾರದಿಂದ ಅವಳ ಕಣ್ಣು ನೆಲ ಬಿಟ್ಟು ಮೇಲೇಳುವುದನ್ನೇ ಮರೆತಿತ್ತು.

ಕೈಯಲ್ಲಿದ್ದ ವೇಪ್, ಆ ಬ್ಯಾಟರಿ ಸಿಗರೇಟು, ಬೆಚ್ಚಗಿತ್ತು. ಹೆಬ್ಬೆರಳುದ್ದದ ಗುಲಾಬಿ ಬಣ್ಣದ ಕಡ್ಡಿ, ಲಿಚಿ ಹಣ್ಣಿನ ಘಮ. ಇಲ್ಲಿ ಜುಲೈ ಅಂದರೆ ಚಳಿಗಾಲ, ಇಡೀ ಡರ್ಬನ್ ಜಾಲಾಡಿದರೂ ಒಂದು ಲಿಚಿ ಸಿಗುವುದಿಲ್ಲ. ಅಂಥದ್ದರಲ್ಲಿ ಆರನೇ ಮಹಡಿಯ ಹೆಂಗಸರ ಟಾಯ್ಲೆಟ್ಟಿನಲ್ಲಿ ಬುಟ್ಟಿಗಟ್ಟಲೆ ಸುರಿದಂತೆ ವಾಸನೆ. ನೀರಿಗೆ ಎಸೆದುಬಿಡೋಣವೆಂದರೆ ಹೋದ ತಿಂಗಳು ಯಾರೋ ಹಾಗೆ ಮಾಡಿ ಪೈಪು ಕಟ್ಟಿಕೊಂಡಿತ್ತು. ರಿಪೇರಿಯವನು ಅದನ್ನು ಎಳೆದು ತೆಗೆದು, ಎಲ್ಲರೂ ನೋಡಲಿ ಅಂತ ಮೆಟ್ಟಿಲ ಮೇಲೆ ಇಟ್ಟುಹೋಗಿದ್ದ. ಕೊನೆಗೆ ಕೈ ತಾನಾಗಿಯೇ ಕತ್ತಿನ ಹಿಂದಕ್ಕೆ ಹೋಯಿತು. ತಲೆವಸ್ತ್ರದ ಗಂಟು ದಪ್ಪಗಿರುವ ಕಡೆ ವೇಪನ್ನು ಮಡಿಕೆಯೊಳಗೆ ತುರುಕಿದಳು. ಮೂರು ವಾರದಿಂದ ಅದರ ಜಾಗ ಅದೇ. ಸಂಜೆ ಮನೆಗೆ ಹೊರಡುವಾಗ ಎಲ್ಲರ ಚೀಲ ನೋಡುತ್ತಾರೆ, ಜೇಬು ತಡವುತ್ತಾರೆ. ಮದುವೆಯಾದ ಹೆಂಗಸಿನ ತಲೆವಸ್ತ್ರಕ್ಕೆ ಕೈ ಹಾಕುವ ಸೆಕ್ಯುರಿಟಿಯವರು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಮೆಟ್ಟಿಲ ತುಂಬ ಜನ ಇಳಿಯುತ್ತಿದ್ದರು. ಕೆಲವರ ಕತ್ತಲ್ಲಿ ಹೆಡ್‌ಸೆಟ್ ಇನ್ನೂ ನೇತಾಡುತ್ತಿತ್ತು. "ನಿಜವಾಗ್ಲೂ ಬೆಂಕಿನಾ?" ಎಂದು ಒಬ್ಬ ಕೇಳಿದರೆ "ಬೆಂಕಿ ಎಲ್ಲಿಂದ ಬರ್ಬೇಕು, ಯಾರೋ ಟಾಯ್ಲೆಟ್ಟಲ್ಲಿ ಊದಿದಾರೆ" ಎಂದು ಇನ್ನೊಬ್ಬ ನಕ್ಕ. ತೋಬೆಕಿಲೆ ಚೀಲವನ್ನು ಎದೆಗವಚಿಕೊಂಡು ಗೋಡೆಯ ಪಕ್ಕ ಇಳಿದಳು. ಐದನೇ ಮಹಡಿಯಲ್ಲಿ ಬಾಲ್ಕನಿಯ ಬಾಗಿಲು ತೆರೆದು ಹಿಡಿದು ಸೆಕ್ಯುರಿಟಿಯ ಸಿಬಿಯಾ ಬಾಬಾ ನಿಂತಿದ್ದರು. "ನೂಕಬೇಡ್ರಪ್ಪಾ, ಮೆಟ್ಟಿಲು ಎಲ್ಲೂ ಓಡಿಹೋಗಲ್ಲ" ಎನ್ನುತ್ತಿದ್ದರು. ತೋಬೆಕಿಲೆ ಹತ್ತಿರ ಬಂದಾಗ ಅವರು ಬಾಗಿಲ ತಿರುಗಣಿಯ ಕಡೆ ಮುಖ ತಿರುಗಿಸಿದರು, ಅವಳು ಗೋಡೆಯ ಕಡೆ. ದಿನಕ್ಕೆ ಮೂರು ನಾಲ್ಕು ಸಲ ಅವರಿಬ್ಬರೂ ಹೀಗೆಯೇ ಒಬ್ಬರನ್ನೊಬ್ಬರು ದಾಟುತ್ತಿದ್ದರು. ಬಾಬಾ ಅವಳ ಗಂಡನ ತಂದೆ.

ಈ ಕಚೇರಿಯಲ್ಲಿ ಕುರ್ಚಿ ಯಾರ ಸ್ವಂತದ್ದೂ ಅಲ್ಲ. ಬೆಳಗಿನವರು ಎದ್ದ ಜಾಗದಲ್ಲಿ ಮಧ್ಯಾಹ್ನದವರು ಕೂರುತ್ತಾರೆ, ಹೆಡ್‌ಸೆಟ್ಟೂ ಹಂಚಿಕೆಯದೇ. ಇಂಗ್ಲೆಂಡಿನ ಒಂದು ವಿದ್ಯುತ್ ಕಂಪನಿಯ ಗಿರಾಕಿಗಳು ಬಿಲ್ಲು ಜಾಸ್ತಿ ಬಂತೆಂದು ಫೋನಿನಲ್ಲಿ ಬೈಯುವುದನ್ನು ಕೇಳಿಸಿಕೊಂಡು ಸಮಾಧಾನ ಹೇಳುವುದು ಎಲ್ಲರ ಕೆಲಸ. ಒಬ್ಬರ ಬಾಯಿಯ ಸ್ಟ್ರಾಬೆರಿ ಘಮ ಇನ್ನೊಬ್ಬರ ಮೂಗಿಗೆ ಬಡಿದು ಎರಡು ಸಲ ಜಗಳವಾದ ಮೇಲೆ ಮ್ಯಾನೇಜರ್ ದೇಶ್ನಿ ಮೂಡ್ಲಿ ಕೂತು ನಿಯಮ ಬರೆದಳು, ಲಿಫ್ಟಿನ ಪಕ್ಕ ಅಂಟಿಸಿದಳು. ವೇಪ್ ಎಳೆಯುವವರು ಐದನೇ ಮಹಡಿಯ ಬಾಲ್ಕನಿಗೇ ಹೋಗಬೇಕು. ಹೊಗೆಯನ್ನು ಸಮುದ್ರದ ಕಡೆಗೆ ಬಿಡಬೇಕು, ಬಾಗಿಲ ಕಡೆಗಲ್ಲ. ಒಬ್ಬರದ್ದನ್ನು ಇನ್ನೊಬ್ಬರು ಬಾಯಿಗಿಡಬಾರದು. ಬಾಯಿ ಮುಕ್ಕಳಿಸದೆ ಹೆಡ್‌ಸೆಟ್ ಮುಟ್ಟಬಾರದು. ಎಲ್ಲಕ್ಕಿಂತ ಮುಖ್ಯ, ವೇಪ್ ಕೆಲಸದ ಜಾಗಕ್ಕೆ ಬರಲೇಕೂಡದು: ಬಾಲ್ಕನಿಯ ಬಾಗಿಲ ಬಳಿ ಸಣ್ಣ ಗೂಡುಗಳ ಒಂದು ಮರದ ಪೆಟ್ಟಿಗೆ, ಒಂದೊಂದು ಗೂಡಿಗೆ ಒಬ್ಬೊಬ್ಬರ ಹೆಸರಿನ ಚೀಟಿ, ಬೀಗದ ಕೈ ಅಲ್ಲಿ ಕೂತ ಸೆಕ್ಯುರಿಟಿಯವನದು. ಯಾರೂ ಗೊಣಗಲಿಲ್ಲ. ದೇಶ್ನಿಯೂ ಅಲ್ಲೇ ನಿಂತು ದಿನಕ್ಕೆ ನಾಲ್ಕು ಸಲ ಪುದೀನದ ಹೊಗೆಯನ್ನು ಸಮುದ್ರಕ್ಕೆ ಬಿಡುತ್ತಿದ್ದಳು.

ತೋಬೆಕಿಲೆಗೂ ಅಲ್ಲಿ ಒಂದು ಗೂಡಿತ್ತು, ಹೆಸರಿನ ಚೀಟಿಯಿತ್ತು. ಒಂದು ಕೆಟ್ಟ ಕರೆ ಬಂದರೆ ಒಂದು ಮಹಡಿ ಇಳಿದು, ಎರಡು ಸಲ ಎಳೆದು, ವೇಪನ್ನು ಗೂಡಿನಲ್ಲಿಟ್ಟು ಬರುತ್ತಿದ್ದಳು. ಮೂರು ವಾರದ ಹಿಂದೆ ಒಂದು ಸೋಮವಾರ ಹಾಗೇ ಇಳಿಯುತ್ತಿರುವಾಗ, ಬಾಲ್ಕನಿಯ ಬಾಗಿಲಲ್ಲಿ ಹೊಸ ಸೆಕ್ಯುರಿಟಿಯವರ ಬೆನ್ನು ಕಾಣಿಸಿತು. ಆ ಕತ್ತು, ಆ ನರೆತ ಕೂದಲು ಅವಳಿಗೆ ಚೆನ್ನಾಗಿ ಗೊತ್ತು. ಮಾವನ ಮುಖಕ್ಕಿಂತ ಮಾವನ ಕತ್ತೇ ಅವಳಿಗೆ ಹೆಚ್ಚು ಪರಿಚಯ. ಎರಡು ವರ್ಷದಿಂದ ಚಹಾದ ತಟ್ಟೆಯನ್ನು ಅವರ ಹಿಂದಿನಿಂದ ಬಂದು ಚಾಪೆಯ ಮೇಲಿಟ್ಟು ಹೋಗುತ್ತಿದ್ದವಳು. ಮೂರು ಮೂರು ಮೆಟ್ಟಿಲು ಹಾರಿ ಮೇಲಕ್ಕೆ ಓಡಿ, ಪಕ್ಕದ ಕುರ್ಚಿಯ ರೋಶೆಲ್‌ಗೆ ಕೈಮುಗಿದು, ಮಾವ ಚೀಟಿಗಳನ್ನು ಓದುವ ಮೊದಲೇ ತನ್ನ ವೇಪನ್ನು ತರಿಸಿ ಹೆಸರಿನ ಚೀಟಿಯನ್ನು ಕೀಳಿಸಿದಳು. ಮಾವನೆದುರು ಸೊಸೆ ಬರಿತಲೆಯಲ್ಲಿ ಓಡಾಡುವಂತಿಲ್ಲ, ಮಾರನೆಯ ದಿನದಿಂದ ಕಚೇರಿಗೂ ತಲೆವಸ್ತ್ರ ಕಟ್ಟಿ ಬರತೊಡಗಿದಳು.

ಸಿಬಿಯಾ ಬಾಬಾ ಕೆಟ್ಟ ಮನುಷ್ಯರಲ್ಲ. ಅವಳ ಮೇಲೆ ಒಂದು ದಿನವೂ ದನಿಯೆತ್ತಿದವರಲ್ಲ. ದನಿಯೆತ್ತುವುದಿರಲಿ, ನೇರವಾಗಿ ಮಾತಾಡಿದ್ದೂ ಇಲ್ಲ. ಮಾವ-ಸೊಸೆ ಮುಖ ಕೊಟ್ಟು ಮಾತಾಡುವ ಪದ್ಧತಿ ನಮ್ಮ ಕಡೆ ಇಲ್ಲ. ಏನಾದರೂ ಬೇಕಿದ್ದರೆ ಹೆಂಡತಿಯ ಕಡೆ ತಿರುಗಿ "ಮಾಖೋಜಾಗೆ ಹೇಳು" ಎನ್ನುತ್ತಿದ್ದರು. ಖೋಜಾ ಅವಳ ತವರಿನ ಕುಲ, ಮಾಖೋಜಾ ಅಂದರೆ ಆ ಮನೆಯ ಮಗಳು. ಬೆಳಿಗ್ಗೆ ತಮ್ಮ ಬಡಾವಣೆ ಕ್ವಾಮಾಶುವಿನ ನಿಲ್ದಾಣದಲ್ಲಿ ಇಬ್ಬರೂ ಒಂದೇ ಕಡೆ ನಿಂತರೂ ಅವರು ಹತ್ತಿದ ಷೇರ್ ಟ್ಯಾಕ್ಸಿಯನ್ನು ಅವಳು ಹತ್ತುತ್ತಿರಲಿಲ್ಲ, ಮುಂದಿನದಕ್ಕೆ ಕಾಯುತ್ತಿದ್ದಳು. ಅತ್ತೆಯೇನೋ ದಿನಕ್ಕೆ ಹತ್ತು ಸಲ ನಶ್ಯ ಏರಿಸಿ ಮನೆ ನಡುಗುವಂತೆ ಸೀನುತ್ತಿದ್ದರು. ಅದು ಹಿರಿಯರ ಮಾತು, ಅದನ್ನು ಕೇಳುವವರಿಲ್ಲ. ಸೊಸೆ ಹೊಗೆ ಎಳೆಯುವುದು ಬೇರೆ. ಹಿರಿಯ ಸೊಸೆ ಪಕ್ಕದ ಮನೆಯಲ್ಲಿ ಒಂದು ಬಾಟಲಿ ಬಿಯರ್ ಕುಡಿದಳೆಂದು "ತವರಿಗೆ ಹೋಗಿ ಬುದ್ಧಿ ಕಲಿತು ಬಾ" ಎಂದು ಪೆಟ್ಟಿಗೆ ಕಟ್ಟಿ ಕಳಿಸಿದ್ದರು. ಹೋದವಳು ಬರಲೇ ಇಲ್ಲ. ಅವಳ ಕೋಣೆಯಲ್ಲಿ ಈಗ ತೋಬೆಕಿಲೆ ಮಲಗುತ್ತಾಳೆ. ತೋಬೆಕಿಲೆಯ ಗಂಡ ಲಿಂಡಾನಿಗೆ ದೂರದ ರಿಚರ್ಡ್ಸ್ ಬೇ ಬಂದರಿನಲ್ಲಿ ಕೆಲಸ, ತಿಂಗಳಿಗೊಮ್ಮೆ ಬರುತ್ತಾನೆ.

ಇಷ್ಟೆಲ್ಲ ಗೊತ್ತಿದ್ದೂ ಇವಳು ಬಿಡಬೇಕಿತ್ತು ಅನ್ನುತ್ತೀರಿ. ಬಿಟ್ಟಿದ್ದಳು ಕೂಡ, ಎಷ್ಟೋ ದಿನ. ಇವತ್ತು ಬುಧವಾರ, ಶುಕ್ರವಾರ ಅವಳ ಆರು ತಿಂಗಳ ಕರಾರು ಮುಗಿದು ಕಾಯಂ ಪತ್ರ ಬರಬೇಕಿತ್ತು. ಬೆಳಿಗ್ಗೆ ಫೋನಿನಲ್ಲಿ ಒಬ್ಬ ಮುದುಕ ನಲವತ್ತು ನಿಮಿಷ ಬೈದ, ಕೊನೆಗೆ "ನಿನ್ನ ಮೇಲೆ ದೂರು ಕೊಡ್ತೀನಿ, ನಿನ್ನ ಹೆಸರೇನು?" ಎಂದ. ಹೆಡ್‌ಸೆಟ್ ಕಳಚಿಟ್ಟು ಟಾಯ್ಲೆಟ್ಟಿನ ಕಡೆ ನಡೆದಳು.

ಕಾರು ನಿಲ್ಲಿಸುವ ಬಯಲಲ್ಲಿ ಇನ್ನೂರು ಜನ ಗುಂಪು ಗುಂಪಾಗಿ ನಿಂತರು. ಬಂದರಿನ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು. ಇಂಗ್ಲೆಂಡಿನ ಕಂಪನಿಯಿಂದ ಕಚೇರಿ ನೋಡಲು ಬಂದಿದ್ದ ಇಬ್ಬರು ಗೇಟಿನ ಬಳಿ ಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದರು. ರೋಶೆಲ್ ತೋಳು ಕಟ್ಟಿಕೊಂಡು ತೋಬೆಕಿಲೆಯ ಪಕ್ಕ ಬಂದಳು.

"ಯಾವ ಕತ್ತೆ ಕಣೇ ಇದು? ಒಂದು ಮಹಡಿ ಇಳಿಯೋಕೆ ಕಾಲು ಬಿದ್ದೋಗಿತ್ತಾ? ಇವತ್ತೇ ಆಗ್ಬೇಕಿತ್ತಾ ಇದು, ಆ ಬಿಳಿಯರು ಬಂದಿರೋ ದಿನ..." ಎನ್ನುತ್ತ ಇದ್ದವಳು ಮಾತು ನಿಲ್ಲಿಸಿ ಮೂಗು ಮುಂದೆ ಮಾಡಿದಳು. "ತೋಬಿ, ಉಸಿರು ಬಿಡು."

"ಬೇಡ."

"ಬಿಡೇ ಅಂದ್ರೆ."

ತೋಬೆಕಿಲೆ ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ. ರೋಶೆಲ್‌ಳ ಮುಖ ಸಪ್ಪಗಾಯಿತು.

"ಬಿಟ್ಟುಬಿಟ್ಟೆ ಅಂದಿದ್ದೆಯಲ್ಲೇ ನಂಗೆ. ದೇವರ ಮೇಲೆ ಆಣೆ ಬೇರೆ ಹಾಕಿದ್ದೆ."

"ಬಿಟ್ಟಿದ್ದೆ. ಎರಡೇ ಎರಡು ಸಲ ಎಳೆದೆ, ರೋಶೆಲ್. ಎರಡೇ."

"ಎಲ್ಲಿದೆ ಈಗ?"

ಅವಳ ಕೈ ಕತ್ತಿನ ಕಡೆಗೆ ಅರ್ಧ ಎದ್ದು ಕೆಳಗಿಳಿಯಿತು. ರೋಶೆಲ್ ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದಳು. "ತಲೇಲಾ? ಅಯ್ಯೋ ಪುಣ್ಯಾತ್ಗಿತ್ತಿ. ಕೊಡು ಇಲ್ಲಿ, ನಾನು ಎಲ್ಲಾದ್ರೂ..."

"ಎಲ್ಲಿ ಬಿಸಾಕ್ತೀಯ? ಕ್ಯಾಮೆರಾ ನೋಡು ಕಂಬಕ್ಕೆ ಎರಡೆರಡಿದೆ. ನಿನ್ನ ಹತ್ರ ಸಿಕ್ರೆ ನಿನ್ನನ್ನ ಕಳಿಸ್ತಾರೆ. ನಿಂಗೆ ಎರಡು ಮಕ್ಕಳು."

ರೋಶೆಲ್ ಮತ್ತೆ ಕೇಳಲಿಲ್ಲ. ಅವಳಿಗೂ ಭಯವಿತ್ತು, ಅದಕ್ಕೆ ಅವಳನ್ನು ದೂರಿ ಏನು ಬಂತು. ಚೀಲ ತಡಕಿ ಒಂದು ಪುದೀನದ ಚ್ಯೂಯಿಂಗ್ ಗಮ್ ತೆಗೆದು ತೋಬೆಕಿಲೆಯ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು.

ದೇಶ್ನಿ ಮೂಡ್ಲಿ ಪಕ್ಕದ ಬಾಗಿಲಿಂದ ಹೊರಬಂದು ಮೆಟ್ಟಿಲ ಮೇಲೆ ನಿಂತಳು. ನಗುಮುಖದ ಹೆಂಗಸು, ಹುಟ್ಟಿದಹಬ್ಬಕ್ಕೆ ತಾನೇ ಕೇಕು ತರುವವಳು. ಇವತ್ತು ಅವಳ ಕೆನ್ನೆಯ ಒಂದು ನರ ಹಾರುತ್ತಿತ್ತು.

"ಬೆಂಕಿ ಇಲ್ಲ, ಏನೂ ಇಲ್ಲ. ಆರನೇ ಮಹಡಿ ಹೆಂಗಸರ ಟಾಯ್ಲೆಟ್ಟಲ್ಲಿ ಯಾರೋ ವೇಪ್ ಎಳೆದಿದಾರೆ. ಒಳಗೆ ಕಾಲಿಟ್ರೆ ಈಗ್ಲೂ ಲಿಚಿ ವಾಸನೆ. ಇನ್ನೂರು ಕರೆ ಅರ್ಧಕ್ಕೇ ಬಿದ್ದೋಗಿದೆ. ಬಾಲ್ಕನಿ ಪೆಟ್ಟಿಗೆ ನೋಡ್ಕೊಂಡು ಬಂದೆ, ಅಲ್ಲಿ ಇರಬೇಕಾದ್ದೆಲ್ಲ ಇದೆ. ಅಂದ್ರೆ ಯಾರೋ ಕದ್ದು ಇಟ್ಕೊಂಡಿದಾರೆ. ಈಗ್ಲೇ ಮುಂದೆ ಬಂದು ಹೇಳಿದ್ರೆ ಒಂದು ಮಾತು." ಗುಂಪಿನ ಮೇಲೆಲ್ಲ ಕಣ್ಣಾಡಿಸಿದಳು. "ಸರಿ ಹಾಗಾದ್ರೆ. ಒಬ್ಬೊಬ್ಬರಾಗಿ ಈ ಬಾಗಿಲಿಂದ ಒಳಗೆ. ಚೀಲ, ಜೇಬು, ಬೂಟು, ಟೋಪಿ, ತಲೆಬಟ್ಟೆ, ಎಲ್ಲಾ ನೋಡ್ತೀವಿ. ಯಾರ ಹತ್ರ ಸಿಗುತ್ತೋ ಅವರಿಗೆ ಇವತ್ತೇ ಕೊನೆ ದಿನ."

ತಲೆಬಟ್ಟೆ ಎಂಬ ಮಾತು ಕಿವಿಗೆ ಬಿದ್ದದ್ದೇ ತೋಬೆಕಿಲೆ ಚ್ಯೂಯಿಂಗ್ ಗಮ್ಮನ್ನು ಅಂಗೈಯಲ್ಲೇ ಹಿಸುಕಿದಳು. ಆಮೇಲೆ ಬಾಗಿಲ ಹತ್ತಿರ ಮೇಜು ಎಳೆದು ಹಾಕುತ್ತಿದ್ದವರನ್ನು ನೋಡಿದಳು. ಹೆಂಗಸರ ತಪಾಸಣೆ ಮಾಡುವ ಕಾವಲುಗಾರ್ತಿ ಆ ದಿನ ರಜೆ ಹಾಕಿದ್ದಳು. ಮೇಜಿನ ಹಿಂದೆ ಕೈಗವುಸು ಹಾಕಿಕೊಳ್ಳುತ್ತಿದ್ದವರು ಸಿಬಿಯಾ ಬಾಬಾ.

ಸಾಲು ಮುಂದಕ್ಕೆ ಸರಿಯುತ್ತಿತ್ತು. ಮುಂದಿದ್ದವರು ಮೂವತ್ತು ಜನ, ಇಪ್ಪತ್ತೈದು ಜನ. ಪ್ರತಿ ಹೆಜ್ಜೆಗೂ ಕತ್ತಿನ ಹಿಂದೆ ಆ ಕಡ್ಡಿ ಒಂದಿಷ್ಟು ಕೆಳಗೆ ಜಾರಿದಂತೆ ಅನ್ನಿಸುತ್ತಿತ್ತು. ಅದರ ತುದಿಯ ಸಣ್ಣ ದೀಪ ತಾನಾಗಿ ಹೊತ್ತಿಕೊಂಡರೆ? ಬಟ್ಟೆಯ ಮೂಲಕ ಕಾಣುತ್ತದೆಯೆ? ಹಿಂದೆ ನಿಂತ ರೋಶೆಲ್ ಏನೂ ಹೇಳುತ್ತಿಲ್ಲ, ಅಂದರೆ ಕಾಣುತ್ತಿಲ್ಲ; ಅಥವಾ ಕಂಡು ಮಾತು ನಿಂತುಹೋಗಿದೆ. ಕೆಲಸ ಹೋದರೆ ಹೋಗಲಿ ಎಂದು ಒಂದು ಕ್ಷಣ ಅಂದುಕೊಂಡಳು. ಆದರೆ ಸುಳ್ಳೇಕೆ, ಕೆಲಸ ಹೋಗುವುದಕ್ಕಿಂತ ಆ ಮೇಜಿನ ಮೇಲೆ, ಆ ಕೈಗಳ ಮುಂದೆ, ಅದು ಬೀಳುವುದು ಅವಳನ್ನು ಹೆಚ್ಚು ನಡುಗಿಸುತ್ತಿತ್ತು. ಹಿರಿಯ ಸೊಸೆಯ ಪೆಟ್ಟಿಗೆಯ ಮೇಲೆ ಹಗ್ಗ ಬಿಗಿದವರು ಮಾವನೇ. ಎರಡು ಗಂಟು ಹಾಕಿ, ಬಿಚ್ಚುವುದಿಲ್ಲವೆಂದು ಎಳೆದೆಳೆದು ನೋಡಿದ್ದರಂತೆ.

"ಚೀಲ," ಎನ್ನುತ್ತಿದ್ದರು ಬಾಬಾ ಪ್ರತಿಯೊಬ್ಬರಿಗೂ. "ಚೀಲ." ಮುಂದಿನ ಹುಡುಗಿ ತಲೆಬಟ್ಟೆ ಬಿಚ್ಚಿ, ಕೂದಲು ಕೊಡವಿ, "ಹೇನು ಸಿಕ್ರೆ ಇಟ್ಕೊಳ್ಳಿ ಮೇಡಂ" ಎಂದಳು. ಸಾಲಿನವರು ನಕ್ಕರು. ದೇಶ್ನಿ ನಗಲಿಲ್ಲ.

ತೋಬೆಕಿಲೆಯ ಸರದಿ ಬಂದಾಗ ಬಾಬಾ ಏನೂ ಹೇಳಲಿಲ್ಲ. ಅವಳು ಮೊಣಕಾಲು ತುಸು ಬಗ್ಗಿಸಿ, ಎರಡೂ ಕೈಯಲ್ಲಿ ಚೀಲವನ್ನು ಮೇಜಿನ ಅಂಚಿಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಅವರು ಚೀಲದ ಬಾಯಿ ತೆರೆದು, ಒಳಗೆ ಕಣ್ಣಾಡಿಸಿದಂತೆ ಮಾಡಿ, ಮುಚ್ಚಿ, ಅವಳ ಕಡೆ ಬೆರಳ ತುದಿಯಿಂದ ತಳ್ಳಿದರು.

"ತಲೆಬಟ್ಟೆ ಬಿಚ್ಚು," ಎಂದಳು ದೇಶ್ನಿ.

ತೋಬೆಕಿಲೆ ಚೀಲವನ್ನು ಎದೆಗವಚಿಕೊಂಡಳು.

"ಮೇಡಂ," ಎಂದರು ಸಿಬಿಯಾ ಬಾಬಾ. "ಈ ಹೆಣ್ಣುಮಗಳನ್ನ ಒಳಗೆ ಕೋಣೆಗೆ ಕರ್ಕೊಂಡು ಹೋಗಿ ನೋಡಿ."

"ಯಾಕೆ ಬಾಬಾ? ಎಲ್ಲರೂ ಇಲ್ಲೇ ಬಿಚ್ಚಿದಾರೆ. ಇವಳಿಗೇನು ಬೇರೆ ಕಾನೂನು?"

"ಇವಳು ನನ್ನ ಮಗನ ಹೆಂಡ್ತಿ."

ಸಾಲಿನಲ್ಲಿ ಗುಸುಗುಸು ಎದ್ದಿತು. ದೇಶ್ನಿ ಡರ್ಬನ್ನಿನಲ್ಲೇ ಹುಟ್ಟಿ ಬೆಳೆದವಳು. ಆ ಮಾತಿನ ತೂಕ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಬೇರೆ ದಿನವಾಗಿದ್ದರೆ ಕೈಹಿಡಿದು ಒಳಗೆ ಕರೆದೊಯ್ಯುತ್ತಿದ್ದಳೇನೋ. ಆದರೆ ಗೇಟಿನ ಬಳಿಯ ಇಬ್ಬರೂ ಈಗ ಇತ್ತಲೇ ನೋಡುತ್ತಿದ್ದರು.

"ಒಬ್ಬರಿಗೆ ಕೋಣೆ ಅಂದ್ರೆ ಎಲ್ಲರೂ ಕೋಣೆ ಕೇಳ್ತಾರೆ. ಇಷ್ಟು ಜನ ಹಿಂದೆ ನಿಂತಿದಾರೆ. ನೀವು ಬೇಕಾದ್ರೆ ಆ ಕಡೆ ತಿರುಗ್ಕೊಳ್ಳಿ ಬಾಬಾ, ನಾನು ನೋಡ್ತೀನಿ."

"ತಿರುಗೋದು ದೊಡ್ಡದಲ್ಲ," ಎಂದರು ಅವರು. ದನಿ ಮೆಲ್ಲಗಿತ್ತು, ಆದರೆ ಗಟ್ಟಿ. "ನನ್ನ ಮಗನ ಹೆಂಡ್ತಿ ನಾನಿರೋ ಜಾಗದಲ್ಲಿ, ಇಷ್ಟು ಗಂಡಸರ ಎದುರಿಗೆ ಬರಿತಲೆ ಮಾಡ್ಕೊಂಡ್ಲು, 'ಸೆಕ್ಯುರಿಟಿ ಸಿಬಿಯಾ ನೋಡ್ತಾ ನಿಂತಿದ್ದ' ಅಂತ ಸಂಜೆ ಕ್ವಾಮಾಶು ತುಂಬ ಸುದ್ದಿಯಾಗುತ್ತೆ. ನೋಡಿದೀನಿ, ಏನೂ ಇಲ್ಲ ಅಂತ ಬರ್ಕೊಳ್ಳಿ. ನಮ್ಮನೆ ಸೊಸೆಯರು ಹೊಗೆ ಎಳೆಯೋರಲ್ಲ."

"ನೀವೇ ಬರೆದು ಸಹಿ ಹಾಕ್ತೀರಾ?"

"ಹಾಕ್ತೀನಿ."

"ಯೋಚನೆ ಮಾಡಿ ಬಾಬಾ." ದೇಶ್ನಿ ತಪಾಸಣೆಯ ಪುಸ್ತಕವನ್ನು ಅವರ ಮುಂದೆ ತಿರುಗಿಸಿಟ್ಟಳು. "ಸಂಜೆ ಆರನೇ ಮಹಡಿ ಕಾರಿಡಾರ್ ಕ್ಯಾಮೆರಾ ನೋಡ್ತೀನಿ. ಹನ್ನೊಂದು ಗಂಟೆಗೆ ಟಾಯ್ಲೆಟ್ಟಿಗೆ ಯಾರ್‍ಯಾರು ಹೋದ್ರು ಅಂತ ಗೊತ್ತಾಗುತ್ತೆ. ನೀವು ಬರೆದದ್ದು ಸುಳ್ಳಾದ್ರೆ ನಿಮ್ಮ ಕೆಲಸವೂ ಹೋಗುತ್ತೆ. ನಾನು ಉಳಿಸೋಕಾಗಲ್ಲ."

"ನೋಡಿ ಮೇಡಂ. ಧಾರಾಳವಾಗಿ ನೋಡಿ."

ಅವರು ಎದೆಯ ಜೇಬಿನಿಂದ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. ಕೈಗವುಸು ಬಿಚ್ಚಿ ಪೆನ್ನು ಹಿಡಿದರು. ತೋಬೆಕಿಲೆ ಮೇಜಿನ ಕಾಲನ್ನೇ ನೋಡುತ್ತ ನಿಂತಿದ್ದಳು. ಬೇಗ ಬರೀಲಿ, ಬೇಗ ಬರೀಲಿ ಎಂದು ಅವಳ ಮನಸ್ಸು ಬೇಡಿಕೊಳ್ಳುತ್ತಿತ್ತು. ಅದನ್ನು ಮುಚ್ಚಿಡುವುದು ಯಾಕೆ. ಅವರು ಸಹಿ ಹಾಕಿದರೆ ಅವಳು ಒಳಗೆ ಹೋಗಬಹುದು, ಮೆಟ್ಟಿಲು ಹತ್ತಬಹುದು, ಸಂಜೆಯವರೆಗೆ ಬದುಕಬಹುದು. ಸಂಜೆಯ ಮಾತು ಸಂಜೆಗೆ. ಆದರೆ ಸಂಜೆ ಕ್ಯಾಮೆರಾದಲ್ಲಿ ಕಾಣುವುದು ಯಾರೆಂದು ಇಡೀ ಬಯಲಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು.

ಬಾಬಾ ಶಾಲೆಯ ಮಕ್ಕಳಂತೆ ಒಂದೊಂದಕ್ಷರ ಒತ್ತಿ ಬರೆಯುತ್ತಿದ್ದರು. ತೋಬೆಕಿಲೆ ಕಣ್ಣೆತ್ತಿದಳು. ಎದುರಿನಿಂದ ತಲೆಕೆಳಗಾಗಿ ಕಂಡರೂ ಓದಲು ಬಂತು. ಹೆಸರು ಎಂಬ ಕಡೆ ಅವರು "ಮಾಖೋಜಾ, ನನ್ನ ಮಗಳು" ಎಂದು ಬರೆದಿದ್ದರು. ಮುಂದಿನ ಅಂಕಣದಲ್ಲಿ "ಏನೂ ಇಲ್ಲ" ಎಂದು ಬರೆದು, ಸಹಿಯ ಜಾಗಕ್ಕೆ ಪೆನ್ನು ತಂದರು.

"ಬಾಬಾ," ಎಂದಳು ತೋಬೆಕಿಲೆ. "ಸಹಿ ಹಾಕ್ಬೇಡಿ."

ನಡುವೆ ಯಾರನ್ನೂ ಇಟ್ಟುಕೊಳ್ಳದೆ ಅವಳು ಅವರ ಜೊತೆ ಆಡಿದ ಮೊದಲ ಮಾತು ಅದು. ಪೆನ್ನು ನಿಂತಿತು. ಅವಳ ಎರಡೂ ಕೈ ಕತ್ತಿನ ಹಿಂದಕ್ಕೆ ಹೋದದ್ದನ್ನು ಕಣ್ಣಂಚಿನಲ್ಲಿ ಕಂಡದ್ದೇ ಬಾಬಾ ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು. ಅದನ್ನು ಎತ್ತದೆ ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು, ಮೂಗು ಗೋಡೆಗೆ ತಾಗುವಷ್ಟು ಹತ್ತಿರ.

ಗಂಟು ಸಡಿಲವಾಯಿತು. ಗುಲಾಬಿ ಕಡ್ಡಿ ಮೇಜಿನ ಮೇಲೆ ಬಿದ್ದು, ಉರುಳಿ, ಪುಸ್ತಕದ ಅಂಚಿಗೆ ತಾಗಿ ನಿಂತಿತು. ಹಿಂದಿನಿಂದ ರೋಶೆಲ್ ಉಸಿರೆಳೆದುಕೊಂಡದ್ದು ಕೇಳಿಸಿತು. ತೋಬೆಕಿಲೆಯ ಸಣ್ಣ ಸಣ್ಣ ಜಡೆಗಳ ಮೇಲೆ ಗಾಳಿ ತಣ್ಣಗೆ ಆಡಿತು. ಇಡೀ ಮೈಯಲ್ಲಿ ಬಟ್ಟೆಯೇ ಇಲ್ಲದವಳಂತೆ ಅವಳು ತೋಳುಗಳನ್ನು ಎದೆಗೆ ಅಡ್ಡ ಹಿಡಿದಳು.

ದೇಶ್ನಿ ವೇಪನ್ನು ಎತ್ತಿಕೊಂಡಳು, ಮೂಸಿ ನೋಡುವ ಅಗತ್ಯ ಅವಳಿಗಿರಲಿಲ್ಲ. ಕೂಗಾಡುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಕೂಗಾಡಲಿಲ್ಲ, ಅಳುವವಳ ಹಾಗೆ ಮಾತಾಡಿದಳು.

"ಒಂದು ಮಹಡಿ, ತೋಬೆಕಿಲೆ. ಒಂದೇ ಒಂದು ಮಹಡಿ ಇಳಿದ್ರೆ ಬಾಲ್ಕನಿ. ನಾನೂ ಅಲ್ಲೇ ನಿಲ್ತೀನಿ. ಶುಕ್ರವಾರದ ನಿನ್ನ ಪತ್ರಕ್ಕೆ ನಿನ್ನೆ ನಾನೇ ಸಹಿ ಹಾಕಿದ್ದೆ. ಯಾಕೆ ಹೋಗ್ಲಿಲ್ಲ? ಆ ಬಾಗಿಲಲ್ಲಿ ಯಾರು ಕೂತಿದ್ರು ನಿನ್ನ ತಿನ್ನೋಕೆ?"

ತೋಬೆಕಿಲೆ ಬಿಚ್ಚಿದ ತಲೆವಸ್ತ್ರವನ್ನು ಎದೆಗೆ ಒತ್ತಿಕೊಂಡಳು. ಹಿಂದೆ ಸಾಲಿನಲ್ಲಿ ಒಬ್ಬನ ಫೋನು ಹೊಡೆದುಕೊಂಡು ನಿಂತಿತು.

"ನಾನು," ಎಂದರು ಸಿಬಿಯಾ ಬಾಬಾ.

ದೇಶ್ನಿ ಅವರ ಬೆನ್ನು ನೋಡಿದಳು. "ಏನಂದ್ರಿ?"

"ಆ ಬಾಗಿಲಲ್ಲಿ ಕೂರೋನು ನಾನು, ಮೇಡಂ."

ದೇಶ್ನಿ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, ಅವರು ಬರೆದಿದ್ದ ಸಾಲಿನ ಮೇಲೆ ಒಂದು ಗೀಟು ಎಳೆದಳು. ನಿಯಮ ಬರೆದವಳು ಅವಳೇ, ಇನ್ನೂರು ಜನ ನೋಡುತ್ತಿದ್ದರು. ಕೈ ಚಾಚಿ "ಕಾರ್ಡು ಕೊಡು" ಎಂದಳು. ತೋಬೆಕಿಲೆ ಕತ್ತಿನಲ್ಲಿದ್ದ ಗುರುತಿನ ಚೀಟಿಯನ್ನು ತೆಗೆದು ಕೊಟ್ಟಳು.

ಆಮೇಲೆ ತಲೆವಸ್ತ್ರವನ್ನು ಕಟ್ಟಿಕೊಳ್ಳಲು ಹೋದಳು. ಬೆರಳು ಹಿಡಿತಕ್ಕೆ ಸಿಗಲಿಲ್ಲ. ಒಂದು ತುದಿ ಹಿಡಿದರೆ ಇನ್ನೊಂದು ಜಾರುತ್ತಿತ್ತು; ಗಂಟು ಬಿತ್ತೆನ್ನುವಾಗ ಇಡೀ ಬಟ್ಟೆ ಭುಜಕ್ಕೆ ಬಿತ್ತು. ಮತ್ತೆ ತಲೆಗೆ ಹಾಕಿಕೊಂಡಳು.

"ಆಯ್ತು, ಮುಂದೆ ಬನ್ನಿ," ಎಂದಳು ದೇಶ್ನಿ. "ಸಿಕ್ತಲ್ಲ, ಚೀಲ ಅಷ್ಟೇ ನೋಡಿ ಬಿಡಿ ಬಾಬಾ."

ಬಾಬಾ ತಿರುಗಲಿಲ್ಲ. ಗೋಡೆಯನ್ನೇ ನೋಡುತ್ತ ಒಂದು ಕೈಯನ್ನು ಹಿಂದಕ್ಕೆ ಚಾಚಿ "ಚೀಲ" ಎಂದರು. ರೋಶೆಲ್ ಒಂದು ಕ್ಷಣ ಗೊತ್ತಾಗದೆ ನಿಂತು, ತನ್ನ ಚೀಲವನ್ನು ಆ ಕೈಯ ಕೆಳಗೆ ಸರಿಸಿದಳು. ಕೈ ಕುರುಡಾಗಿ ಒಳಗಿಳಿದು ತಡಕಾಡಿತು: ಬಾಚಣಿಗೆ, ಬೀಗದ ಕೈ, ಮಗುವಿನ ಒಂದು ಕಾಲುಚೀಲ.

"ಅದು ಸಾರಿನ ಡಬ್ಬಿ ಬಾಬಾ, ಮುಚ್ಚಳ ಸರಿಯಿಲ್ಲ."

ಸಾರು ಅವರ ಬೆರಳುಗಳ ಮೇಲೆ ಹರಿದು ಮಣಿಕಟ್ಟಿನ ತನಕ ಬಂತು. ಅವರು ಕೈಯನ್ನು ಷರಟಿಗೆ ಒರೆಸಿಕೊಂಡರು, "ಹೋಗಮ್ಮ" ಎಂದರು, ಮತ್ತೆ ಕೈ ಹಿಂದೆ ಚಾಚಿದರು. ಅವಳ ಹಿಂದಿನವನು ಬೆನ್ನಿಗೆ ಹಾಕುವ ದೊಡ್ಡ ಚೀಲವನ್ನು ಮೇಜಿನ ಮೇಲಿಟ್ಟ. ಅದಕ್ಕೆ ಐದು ಜಿಪ್ಪುಗಳಿದ್ದವು. ಬಾಬಾ ಒಂದೊಂದನ್ನೂ ಬೆರಳಿಂದ ಹುಡುಕಿ, ಎಳೆದು, ಒಳಗೆ ನಿಧಾನವಾಗಿ ತಡವಿ, ಮತ್ತೆ ಹಾಕಿದರು. ಅವರ ಬೆನ್ನ ಹಿಂದೆ ತೋಬೆಕಿಲೆ ನಾಲ್ಕನೆಯ ಸಲ ಗಂಟು ಹಾಕುತ್ತಿದ್ದಳು.